ಕೆಲಸಕ್ಕೆ ಬಾರದ ಕೆರೆ

ಮುಂಬಯಿ ಮಹಾನಗರದಲ್ಲಿ ನಿಂತಲ್ಲೇ ನಿಲ್ಲುವ ಅಧಿಕಾರವಿರುವುದು ಶಿಲಾಪ್ರತಿಮೆಗಳಿಗೆ ಮತ್ತು ಪಕ್ಷಿವೀಕ್ಷಕರಿಗೆ ಮಾತ್ರ. ಇತರರು ದಾದರಿನ ಸೇತುವೆಯ ಮೇಲೆ ಕ್ಷಣಕಾಲ ನಿಂತರೂ ಸಾಕು, ಹಿಂದಿನಿಂದ ಬರುವ ಜನಪ್ರವಾಹವು ಅವರ ಅಭಿಪ್ರಾಯವನ್ನು ಕೇಳದೆ, ಬೇಕಾದ ಅಥವಾ ಬೇಡವಾದ ಪ್ಲಾಟ್‌ಫಾರ್ಮಿಗೆ ತಲುಪಿಸಿಬಿಡುತ್ತದೆ. ಸುಮ್ಮನೆ ನಿಲ್ಲುವ ಸುಖಕ್ಕಾಗಿಯೇ ನಾನು ಪಕ್ಷಿವೀಕ್ಷಣೆಯೆಂಬ ವ್ಯಸನವನ್ನು ಕೈಕೊಂಡೆನೆಂದು ನನ್ನ ಮನೆಯಾಕೆಯ ಮತ. ಅದರಲ್ಲಿ ಅಸತ್ಯವೇನೂ ಇಲ್ಲ.

ಈ ವ್ಯಸನಕ್ಕೆ ಪ್ರಶಸ್ತವಾದ ಕಾಲ ಚಳಿಗಾಲ. ಉಷ್ಣಮಾಪಕವು 18 ಡಿಗ್ರಿಗೆ ಇಳಿಯಿತೆಂದರೆ, ನಮ್ಮ ಕಟ್ಟಡದ ಹಿರಿಯರೆಲ್ಲ ಕೇದಾರಯಾತ್ರೆಗೆ ಹೊರಟವರಂತೆ ಮಂಕಿಟೋಪಿ ಧರಿಸಿ ಹಾಲಿನ ಬೂತಿಗೆ ನಡೆಯುತ್ತಾರೆ. ಅದೇ ಹವೆಯನ್ನು ಬೆಚ್ಚನೆಯದೆಂದು ನಂಬಿ, ಹಿಮಾಲಯದ ಆಚೆಯಿಂದ ಬಾತುಗಳೂ ಗೊರವಗಳೂ ಸಂಸಾರಸಮೇತ ಬಂದಿಳಿಯುತ್ತವೆ.

ಇಂತಹ ಅತಿಥಿಗಳನ್ನು ಕಾಣಲು ನಾನು ಹೋಗುವುದು ಪೊವಾಯಿ ಕೆರೆಗೆ. ಬಾಯಾರಿದ ಮುಂಬಯಿಗಾಗಿ ಆಂಗ್ಲರು 1860ರಲ್ಲಿ ವಿಹಾರ್ ಜಲಾಶಯವನ್ನೂ 1879ರಲ್ಲಿ ತುಳಸಿಯನ್ನೂ ನಿರ್ಮಿಸಿ, ಅವೂ ಸಾಲದಾದಾಗ 1891ರ ಹೊತ್ತಿಗೆ ಪೊವಾಯಿಯ ಕಣಿವೆಗೂ ಕಟ್ಟೆ ಹಾಕಿದರು. ಮೊದಲಿನ ಎರಡು ಇಂದಿಗೂ ನಗರಕ್ಕೆ ನೀರೂಡುತ್ತಿರುವುದರಿಂದ ಅವುಗಳಿಗೆ ಕಾವಲು, ಬೇಲಿ, ಅನುಮತಿಪತ್ರಗಳ ಮರ್ಯಾದೆಯುಂಟು. ಪೊವಾಯಿಯ ನೀರಾದರೋ ಕುಡಿಯಲು ಅಯೋಗ್ಯವೆಂದು ನಿರ್ಣಯವಾಗಿ, ಆ ಕೆರೆ ತಾರುಣ್ಯದಲ್ಲಿಯೇ ಸೇವಾನಿವೃತ್ತವಾಯಿತು. ನೀರಿನಲ್ಲಿ ಮೊಸಳೆಗಳಿರುವುದರಿಂದ ಜಲಕ್ರೀಡೆಗೂ ಅದು ಒದಗದು. ಹೀಗೆ ಸರ್ವಥಾ ನಿರುಪಯುಕ್ತವೆನಿಸಿದ ಮೇಲೆ ಅದು ನನಗೂ ಹಕ್ಕಿಗಳಿಗೂ ದಕ್ಕಿತು.

ಅಲ್ಲಿ ನೀರುಕಾಗೆಗಳು ರೆಕ್ಕೆ ಹರಡಿ ಬಿಸಿಲು ಕಾಯಿಸುತ್ತಿರುತ್ತವೆ. ಗೊರವವು ದಡದಲ್ಲಿ ಬಾಲ ಕುಣಿಸುತ್ತ, ಇಲ್ಲದ ಕೆಲಸವನ್ನು ಹುಡುಕುತ್ತಿರುತ್ತದೆ. ಮಳೆಗಾಲದ ನೀಳವಾದ ಬಾಲವನ್ನು ಕಳಚಿದ ದೇವನಕ್ಕಿ ತೇಲುವ ಎಲೆಗಳ ಮೇಲೆ ನಡೆದಾಡುತ್ತದೆ. ಈ ದೇವನಕ್ಕಿಯ ಕುಲದಲ್ಲಿ ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುವುದೆಂದೂ, ಕಾವು ಕೊಟ್ಟು ಮರಿ ಸಾಕುವ ಭಾರವೆಲ್ಲ ಗಂಡಿನದೆಂದೂ ನಾನು ಮನೆಯಲ್ಲಿ ವಿವರಿಸಿದ ದಿನವೇ ಮನೆಯಾಕೆಗೆ ಪಕ್ಷಿಶಾಸ್ತ್ರದಲ್ಲಿ ಅಭಿರುಚಿ ಹುಟ್ಟಿತು.

ಆದರೆ ಇಲ್ಲಿ ನೋಡುವವನಿಗಿಂತ ನೋಡುವವನನ್ನು ನೋಡುವವರೇ ಹೆಚ್ಚು. ದುರ್ಬೀನು ಹಿಡಿದು ನೀರಿನತ್ತ ತದೇಕಚಿತ್ತನಾಗಿದ್ದಾಗ, ಪ್ರಾತಃಸಂಚಾರಕ್ಕೆ ಬಂದ ಸಭ್ಯರೊಬ್ಬರು ಧ್ವನಿ ತಗ್ಗಿಸಿ, “ಸಾಹೇಬರೇ, ಇಲ್ಲಿ ಯಾವ ಟವರು ಏಳಲಿದೆ? ರೇಟು ಹೇಗೆ?” ಎಂದು ವಿಚಾರಿಸಿದರು. ಹಕ್ಕಿ ನೋಡುತ್ತಿದ್ದೇನೆಂದುದಕ್ಕೆ, ವ್ಯಾಪಾರದ ಗುಟ್ಟು ಕಾಯುವ ನನ್ನ ಚಾತುರ್ಯವನ್ನು ಮೆಚ್ಚಿ ನಕ್ಕು ನಡೆದರು. ಚಹಾಕ್ಕೆ ಹೋದಲ್ಲಿ ಕುಂದಾಪುರದ ಹೋಟೆಲಿನವರು, “ಹಕ್ಕಿ ಕಾಂಬುಕೆ ಇಷ್ಟ್ ದೂರ ಬಂದ್ರ್ಯಾ ಮಾರಾಯ್ರೆ? ನಿಮ್ಮ್ ಮನಿ ಹತ್ರ ಕಾಕಿ ಇಲ್ಲ್ಯಾ?” ಎಂದು ಮರುಕಪಟ್ಟರು.

ಈ ನಗರಕ್ಕೆ ಹಕ್ಕಿಯ ವಿದ್ಯೆ ಹೊಸದೇನಲ್ಲ. 1883ರಲ್ಲಿಯೇ ಇಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಸ್ಥಾಪಿತವಾಯಿತು. ಮುಂದೆ ಪಕ್ಷಿತಜ್ಞನೆನಿಸಿದ ಸಲೀಂ ಅಲಿ ಬಾಲಕನಾಗಿದ್ದಾಗ ತಾನು ಹೊಡೆದುರುಳಿಸಿದ ಹಳದಿ ಕೊರಳಿನ ಗುಬ್ಬಿಯೊಂದರ ಕುಲಗೋತ್ರವನ್ನು ಕೇಳುತ್ತ ಹೋದದ್ದೂ ಅದರ ಬಾಗಿಲಿಗೇ. ಆದರೂ ನಗರದ ಹಕ್ಕಿಗಳನ್ನು ಕಾಪಾಡಿರುವುದು ವಿದ್ಯೆಗಿಂತ ಹೆಚ್ಚಾಗಿ ಜನರ ಅನಾದರ. ಶಿವಡಿಯ ಕೆಸರನ್ನೇ ನೋಡಿರಿ: ಮೂಗು ಮುಚ್ಚಿಕೊಂಡು ದಾಟಬೇಕಾದ ಆ ಕೊಚ್ಚೆಯಲ್ಲಿ ಬೆಳೆಯುವ ಪಾಚಿಯನ್ನು ಮೃಷ್ಟಾನ್ನವೆಂದು ಬಗೆದು ಸಹಸ್ರಾರು ರಾಜಹಂಸಗಳು ಬರುತ್ತವೆ, ಮತ್ತು ಆ ಆಹಾರದ ವರ್ಣದ್ರವ್ಯದಿಂದಲೇ ಗುಲಾಬಿ ಬಣ್ಣವನ್ನು ಪಡೆಯುತ್ತವೆ. ಠಾಣೆಯ ಖಾರಿಯ ಅಂತಹುದೇ ಕೆಸರು 2015ರಲ್ಲಿ ಅಭಯಾರಣ್ಯವಾಗಿ, 2022ರಲ್ಲಿ ಜಾಗತಿಕ ಮಹತ್ವದ ಜೌಗುಗಳಿಗೆ ಸಲ್ಲುವ ರಾಮ್ಸಾರ್ ತಾಣವೆಂಬ ಬಿರುದನ್ನೂ ಗಳಿಸಿತು.

ಚದರಡಿಯ ಲೆಕ್ಕದಲ್ಲಿ ಆಕಾಶವನ್ನೂ ಮಾರುವ ಈ ಊರಿನಲ್ಲಿ, ಯಾರಿಗೂ ಬೇಡವಾಗಿ ಉಳಿದ ಸ್ಥಳವೇ ಹಕ್ಕಿಗಳಿಗೆ ಬೇಕಾದ ಸ್ಥಳ. ಆದುದರಿಂದ ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ: ಒಂದು ಕೆರೆಯನ್ನೋ ಜೌಗನ್ನೋ ಸದುಪಯೋಗಪಡಿಸುವ ಯೋಜನೆಯನ್ನು ಯಾರಾದರೂ ನಿಮ್ಮ ಮುಂದಿಟ್ಟರೆ, ದಯಮಾಡಿ ಒಪ್ಪಬೇಡಿ.