ಹೋಮ್ ಬಿಡದ ಹುಡುಗ

ರೋಣದಲ್ಲಿ ಹುಟ್ಟಿದ ಭೀಮಸೇನ ಜೋಶಿ 1933ರಲ್ಲಿ, ಹನ್ನೊಂದರ ವಯಸ್ಸಿಗೇ ಗುರುವನ್ನು ಹುಡುಕುತ್ತ ಮನೆ ಬಿಟ್ಟು ಓಡಿದರು. ರೋಣದಿಂದ ಒಡೆದು ತಾಲೂಕಾದ ಗಜೇಂದ್ರಗಡದ ನಮ್ಮ ಅಳಿಯನಿಗೆ ಇಪ್ಪತ್ತಾರಾದರೂ ಹೋಮ್ ಬಿಡಲಾಗಿಲ್ಲ. ಮನೆಯಲ್ಲ, ಕಂಪ್ಯೂಟರಿನ ಹೋಮ್ ಡೈರೆಕ್ಟರಿ. ವರ್ಕ್ ಫ್ರಂ ಹೋಮ್ ಅಂತ ಬಂದವನು ವರ್ಕ್ ಬಿಟ್ಟು ಹೋಮ್ ಹಿಡಿದು ಕೂತಿದ್ದಾನೆ.

ಅಲ್ಲಿ ಚುಕ್ಕಿಯಿಂದ ಹೆಸರು ಶುರುವಾಗುವ ಸೆಟಿಂಗ್ ಫೈಲುಗಳಿವೆ. ಫೈಲುಗಳ ಪಟ್ಟಿ ತೋರಿಸುವ ಎಲ್‌ಎಸ್ ಆಜ್ಞೆ ಕೊಟ್ಟರೆ ಅವು ಕಾಣವು. ಯುನಿಕ್ಸ್ ಬರೆದವರು ಈ ಡೈರೆಕ್ಟರಿ, ಮೇಲಿನ ಡೈರೆಕ್ಟರಿ ಎಂದು ಸೂಚಿಸುವ ಒಂಟಿಚುಕ್ಕಿ, ಜೋಡಿಚುಕ್ಕಿ ಎರಡನ್ನೇ ಮರೆಮಾಡಲು ಹೋಗಿ, ಅವಸರದಲ್ಲಿ ಮೊದಲಕ್ಷರವಷ್ಟೇ ನೋಡಿದ್ದರ ಫಲ. ಅವರ ಅವಸರ ಇವನ ಸಂಸಾರವಾಯಿತು.

ಆ ಫೈಲುಗಳ ಒಂದೊಂದು ಬದಲಾವಣೆಯನ್ನೂ ಅವನು ಗಿಟ್‌ನಲ್ಲಿ ದಾಖಲಿಸುತ್ತಾನೆ. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಗಿಟ್ ಕಟ್ಟಿದ್ದು ಲಿನಕ್ಸ್ ಕರ್ನಲ್ಲಿಗೆ, ಸಾವಿರಾರು ಜನ ಕೈಹಾಕುವ ಕೆಲಸಕ್ಕೆ. ನಮ್ಮವನದು ತಾನೇ ಬರೆದು ತಾನೇ ಓದುವ ನಲವತ್ತು ಸಾಲು. ಅದಕ್ಕೆ ಮುನ್ನೂರು ಕಮಿಟ್: 'ಫಿಕ್ಸ್', 'ಫಿಕ್ಸ್ 2', 'ಈಗ ಖರೇ ಫಿಕ್ಸ್'. ಪ್ಲಗಿನ್ನುಗಳೆಲ್ಲ ಸಬ್‌ಮಾಡ್ಯೂಲ್. ಶೆಲ್ ತೆರೆದುಕೊಳ್ಳುವಷ್ಟರಲ್ಲಿ ನಮ್ಮಕ್ಕ ಚಹಾ ಸೋಸಿರುತ್ತಾಳೆ.

"ಬ್ರಾಂಚ್ ಬ್ಯಾರೆ ಮಾಡೀನಿ ಮಾಮಾ, ಮೇನ್‌ಗೆ ಮರ್ಜ್ ಆಗವಲ್ದು" ಅಂದ. ನಾನು ನರಗುಂದದವನು. ನಮಗೆ ಮೇನ್, ಬ್ರಾಂಚ್ ಅಂದರೆ ಮಲಪ್ರಭಾ ಕಾಲುವೆ. ಅದರ ನೀರು, ಕರದ ಜಗಳದಲ್ಲಿ 1980ರ ಜುಲೈನಲ್ಲಿ ರೈತರು ಪ್ರಾಣ ಕೊಟ್ಟ ಊರು ನಮ್ಮದು. ಇವನ ಬ್ರಾಂಚಿನ ಜಗಳ, ಪ್ರಾಂಪ್ಟಿನ ಬಾಣ ಹಸಿರಿರಬೇಕೋ ನೀಲಿಯಿರಬೇಕೋ ಎಂಬುದು.

"ಇಷ್ಟೆಲ್ಲಾ ಯಾಕೋ?"

"ಹೊಸ ಲ್ಯಾಪ್‌ಟಾಪ್ ಬಂದ್ರ ಐದು ನಿಮಿಷದಾಗ ಎಲ್ಲಾ ವಾಪಸ್ ಬರತೈತಿ ಮಾಮಾ."

"ಹೊಸಾದು ಯಾವಾಗ ಕೊಡತಾರ?"

"ಪ್ರಮೋಷನ್ ಆದ್ರ."

ಪ್ರಮೋಷನ್ ಯಾವಾಗ ಅಂತ ನಾನು ಕೇಳಲಿಲ್ಲ. ಅಕ್ಕ ಅಲ್ಲೇ ಕೂತಿದ್ದಳು.

ಮೊನ್ನೆ ಹುಡುಗನ ಮುಖ ಹುಳ್ಳಗಾಗಿತ್ತು. ಚುಕ್ಕಿ ಫೈಲಿನ ಜೊತೆ ಎಪಿಐ ಕೀಯನ್ನೂ ಎಲ್ಲರೂ ನೋಡುವ ರೆಪೊಗೆ ತಳ್ಳಿಬಿಟ್ಟಿದ್ದ. ಮುಂದಿನ ಕಮಿಟ್‌ನಲ್ಲಿ ಅಳಿಸಿದ. ಹಿಂದಿನ ಕಮಿಟ್ ತೆರೆದು ನೋಡಿದರೆ ಕೀ ನಗುತ್ತ ಕೂತಿದೆ, ಹಳೇ ಉತಾರದಲ್ಲಿ ತಲಾಠಿ ಗೀಟು ಎಳೆದ ಹೆಸರಿನಂತೆ. ಇಡೀ ಇತಿಹಾಸ ತಿದ್ದಿ ಬರೆದರೂ, ಅಷ್ಟರೊಳಗೆ ನಕಲು ಮಾಡಿಕೊಂಡವರ ಹತ್ತಿರ ಅದು ಹಾಗೇ ಇರುತ್ತದೆ.

"ಕೀಲಿಕೈ ಮಂದಿ ಕೈಗೆ ಸಿಕ್ಕಮ್ಯಾಲ ಕೀಲಿನ ಬದಲಿ ಮಾಡಬೇಕು," ಅಂದಳು ಅಕ್ಕ. "ಬಾಗಲದ ಬಣ್ಣ ನೋಡಿ ಕಳ್ಳ ವಾಪಸ್ ಹೊಕ್ಕಾನೇನು?"

ಬದಲಿ ಮಾಡಿದ. ಮರುದಿನ ಕೆಲಸಕ್ಕೆ ರಜೆ ಹಾಕಿ, ಕೀ ಬಚ್ಚಿಡುವ ಹೊಸ ಪ್ಲಗಿನ್ ಹುಡುಕುತ್ತ ಕೂತ.