ನಿಲ್ಲಾಕ ಬರೂದಿಲ್ಲೋ ತಮ್ಮಾ

ಚಿಮ್ಮಡದ ಒಂದು ಹಿಟ್ಟಿನ ಗಿರಣಿ. ಬನಹಟ್ಟಿಯ ಪವರ್‌ಲೂಮಿನಿಂದ ನಿವೃತ್ತರಾದ ಒಂದು ಎಚ್‌ಪಿಯ ಮೋಟಾರ್ ಅಜ್ಜಾರು ಜೋಳದ ಚೀಲಕ್ಕೆ ಒರಗಿ ಕೂತಿದ್ದರು. ಇಂಜಿನಿಯರಿಂಗ್ ಓದುವ ಗಿರಣಿಯವರ ಮಗ ಇವರ ಶಾಫ್ಟಿಗೇ ಸ್ಟೇರಿಂಗ್ ಬಿಗಿದು, ಬೆಲ್ಟು ಗೇರು ಏನೂ ಇಲ್ಲದೆ, ಕಂಪ್ಯೂಟರಿನಲ್ಲಿ ರೇಸ್ ಕಾರು ಓಡಿಸುವವನಿದ್ದಾನೆ. ಅಭ್ಯರ್ಥಿಯನ್ನು ಮಾತಾಡಿಸಿದೆ.

ಹೊಸ ನೌಕರಿ ಅಂತಲ್ರಿ ಅಜ್ಜಾರ?

"ಬಿಟ್ಟಿ ಸಿಕ್ಕೀನಂತ ಹಿಡದಾನ. ಸ್ಟೇರಿಂಗ್ ಮಿನಿಟಿಗೆ ಎಷ್ಟ ಸಲ ತಿರಗತೈತಿ?"

ತಿರಗೂದು ಕಡಿಮಿರಿ. ತಿರುವು ಬಂದಾಗ ಒಂದೀಟು, ಮತ್ತ ವಾಪಸ್. ಟೈರ್ ಒದ್ದಂಗ ಕೈಗೆ ಎದುರು ಒತ್ತತಿರಬೇಕು, ಅಷ್ಟ.

"ಅಂದ್ರ ನಿಂತಲ್ಲೇ ದುಡೀಬೇಕು! ನನ್ನ ಹಣೆಪಟ್ಟಿ ಓದು, 1440. ಓಡಾಕ ಬಿಟ್ರ 5 ನ್ಯೂಟನ್ ಮೀಟರ್ ಕೊಡ್ತೀನಿ, ಹಿಂದಿನ ಫ್ಯಾನಿಲೆ ನಾನ ಗಾಳಿ ಹಾಕ್ಕೋತೀನಿ. ಹಿಡದ ನಿಲ್ಲಿಸಿದ್ರ ಫ್ಯಾನೂ ನಿಲ್ಲತೈತಿ, ಐದಾರು ಪಟ್ಟು ಕರೆಂಟ್ ಕುಡದು ವೈಂಡಿಂಗ್ ಸುಡತೈತಿ. ಮ್ಯಾಲ ನನಗ ಕಣ್ಣಿಲ್ಲ. ಶಾಫ್ಟ್ ಎಲ್ಲಿ ನಿಂತೈತಿ ಅಂತ ನನಗ ತಿಳಿಯೂದಿಲ್ಲ."

(ಮಗ್ಗದಾಗ ಅದನ್ನ ಯಾರೂ ಕೇಳಿರಲಿಲ್ಲ, ಪಾಪ.)

ಹಂಗಾರ ಯಾರನ್ನ ತಗೋಬೇಕ್ರಿ?

"ಹೋವರ್‌ಬೋರ್ಡ್ ಗಾಲಿಯೊಳಗ ಒಬ್ಬಾಂವ ಇರ್ತಾನ. 30 ಮ್ಯಾಗ್ನೆಟ್, 27 ಹಲ್ಲು. ಸೋವಿ. ನಿಂತಲ್ಲೇ ಒತ್ತತಾನ. ಆದ್ರ ಮೆಲ್ಲಕ ತಿರುವಿದ್ರ ಹಲ್ಲ ಹಲ್ಲಿಗೂ ತಡೀತಾನ, ಬೀಸೂಕಲ್ಲಿಗೆ ಹಳ್ಳ ಸಿಕ್ಕಂಗ. ಅವನ ಹಾಲ್ ಸೆನ್ಸರ್ ಸುತ್ತಿಗೆ 90 ಅಷ್ಟ ಎಣಸತೈತಿ, ನಾಕ ಡಿಗ್ರಿಗೊಂದು. ಬ್ಯಾರೆ ಎನ್‌ಕೋಡರ್ ಕೂಡಿಸಬೇಕು. ರೊಕ್ಕ ಇದ್ದವರು ಕಾರ್ಖಾನಿ ಸರ್ವೋ ತರ್ತಾರ. ಅದು 10,000 ಎಣಸೂದೂ ಐತಿ. ಭಾಳ ನುಣುಪು, ಭಾಳ ಧಿಮಾಕು."

ಹುಡುಗ 20 ನ್ಯೂಟನ್ ಮೀಟರ್ ಬೇಕಂತಾನ.

"30 ಸೆಂಟಿಮೀಟರ್ ಅಗಲದ ಸ್ಟೇರಿಂಗಿನ ಅಂಚಿಗೆ ಅದು 13 ಕೆಜಿ ಮ್ಯಾಲ ಜಗ್ಗತೈತಿ. ಕಾರು ಗೋಡಿಗೆ ಗುದ್ದಿದ್ರ ಕಾರು ಆಟದ್ದು, ಹೆಬ್ಬೆಟ್ಟು ಇವಂದ. ಮೊದಲ ಕೆಂಪು ಬಟನ್ ಹಚ್ಚಂತ ಹೇಳು."

ಅಷ್ಟರಲ್ಲಿ ಗಿರಣಿಯವರು ಬಂದರು. "ಆಟ ಆಮ್ಯಾಲ. ಮೊದಲ ಜರಡಿಗೆ ಹಚ್ಚಿ ನೋಡೂನು" ಎಂದು ವೈರು ಕೊಟ್ಟು ಸ್ವಿಚ್ ಎತ್ತಿದರು. ಮೂರು ಫೇಸಿನಲ್ಲಿ ಒಂದು ಬಂದಿರಲಿಲ್ಲ. ಅಜ್ಜಾರು ಗುಂಯ್ ಅಂದರು, ಕದಲಲಿಲ್ಲ. ಜೋಳದ ಹಿಟ್ಟಿನ ವಾಸನೆಯೊಳಗೆ ವಾರ್ನಿಶ್ ವಾಸನೆ ಸೇರಿತು.

"ನಿಂತೀನಿ ನೋಡು, ಬರಕೋ..."

ಹುಡುಗ ಓಡಿಬಂದು ಸ್ವಿಚ್ ಆರಿಸಿದ. ಸ್ಟೇರಿಂಗ್ ಇನ್ನೂ ಅವನ ಬಗಲಲ್ಲೇ ಇತ್ತು.