ವೃತ್ತಿಪರ ಕಬಡ್ಡಿ ಆಟಗಾರ: ಚಂದಗುಳಿ ಆವೃತ್ತಿಯ ಬಳಕೆ ಕೈಪಿಡಿ

ಈ ಕೈಪಿಡಿ ಯಲ್ಲಾಪುರ, ಶಿರಸಿ, ಸಿದ್ದಾಪುರ ತಾಲ್ಲೂಕುಗಳ ಹದಿಹರೆಯದ ಹುಡುಗರಿಗಾಗಿ. ಪಾಲಕರೂ ಓದಬಹುದು. ಆದರೆ ಅವರು ಕೊನೆಯ ಭಾಗದಿಂದಲೇ ಓದಲು ಶುರುಮಾಡುತ್ತಾರೆ. ಅದನ್ನು ತಡೆಯುವ ಉಪಾಯ ನಮ್ಮಲ್ಲಿಲ್ಲ.

ಜೋಡಣೆಗೆ ಮುನ್ನ

ಬೇಕಾದ ಸಾಮಾನು: 85 ಕಿಲೋ ಮೀರದ ಒಂದು ದೇಹ, ಮೂವತ್ತು ಸೆಕೆಂಡ್ ತಡೆಯುವ ಉಸಿರು, ಎರಡು ಮೊಣಕಾಲು. ಕೊನೆಯದ್ದಕ್ಕೆ ಬಿಡಿಭಾಗ ಸಿಗುವುದಿಲ್ಲ. ನೀವು ಅಡಿಕೆ ಕೊಯ್ಯುವ ಕೊನೆಗೌಡರ ಮನೆಯ ಹುಡುಗನಾಗಿದ್ದರೆ ಹಿಡಿತದ ಅಭ್ಯಾಸ ಬಿಟ್ಟು ಮುಂದೆ ಹೋಗಿ. ಒಂದು ಅಡಿಕೆ ಮರದ ತಲೆಯಿಂದ ಇನ್ನೊಂದಕ್ಕೆ ತೂಗಿ ದಾಟುವವನ ಕೈಗೆ ರೈಡರ್‌ನ ಹಿಮ್ಮಡಿ ಸಿಕ್ಕರೆ ಅದು ಬಿಡಿಸಿಕೊಂಡು ಹೋಗುವುದು ಕಷ್ಟ.

ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಘಟ್ಟದ ಮೇಲೆ ಅಷ್ಟು ಸಪಾಟಾದ ಜಾಗ ಸಿಗುವುದು ಮೂರು ಕಡೆ: ಶಾಲೆಯ ಬಯಲು, ಕೊಯ್ಲಾದ ಗದ್ದೆ, ಅಡಿಕೆ ಒಣಗಿಸುವ ಅಂಗಳ. ಮೂರನೆಯದನ್ನು ಕೇಳಲು ಹೋಗಬೇಡಿ. ಮಳೆಗಾಲದಲ್ಲಿ ಮೊದಲೆರಡೂ ಇಲ್ಲ. ಪ್ರೊ ಕಬಡ್ಡಿ ಲೀಗ್ ಹುಟ್ಟಿದ್ದು 2014ರ ಜುಲೈ 26ರಂದು, ಅಂದರೆ ನಮ್ಮಲ್ಲಿ ಕಂಬಳಿಕೊಪ್ಪೆ ಹೊರಗೆ ಬಂದಿರುವ ಕಾಲಕ್ಕೆ. ಮುಂಬೈಯ ಸೂರಿನಡಿ ಮ್ಯಾಟ್ ಹಾಸಿದವರಿಗೆ ಚಂದಗುಳಿಯ ಕೆಸರು ನೆನಪಾಗಬೇಕಿತ್ತು ಎಂದು ನಾವು ಹಟ ಹಿಡಿಯುವುದಿಲ್ಲ.

ಹರಕೆಯ ವಿಷಯ. ಚಂದಗುಳಿಯಲ್ಲೇ ಘಂಟೆ ಗಣಪತಿ ಇರುವಾಗ ದೂರ ಹೋಗುವುದು ಬೇಡ. ಬೇಡಿಕೆ ಈಡೇರಿದ ಮೇಲೆ ಗಂಟೆ ಕಟ್ಟುವುದು ಪದ್ಧತಿ, ಮುಂಗಡ ಬೇಕಿಲ್ಲ. ಗಂಟೆಯ ಗಾತ್ರ ಗೊತ್ತಾಗದಿದ್ದರೆ ಲೀಗಿನ 2023ರ ಆಟಗಾರರ ಹರಾಜಿನ ಮೂಲಬೆಲೆ ನೋಡಿಕೊಳ್ಳಿ: ಎ ವರ್ಗ 30 ಲಕ್ಷ, ಬಿ 20, ಸಿ 13, ಡಿ 9. ಡಿ ವರ್ಗಕ್ಕೆ ದೊಡ್ಡ ಗಂಟೆ ಹೊತ್ತರೆ ಲೆಕ್ಕ ತಪ್ಪುತ್ತದೆ.

ಚಾಲನೆ

ಮೊದಲ ಹಂತ ಹೊನಲು ಬೆಳಕಿನ ಪಂದ್ಯಾವಳಿ. ರಾತ್ರಿ ಎಂಟಕ್ಕೆ ಎಂದು ಪೋಸ್ಟರಿನಲ್ಲಿ ಇರುತ್ತದೆ. ಉದ್ಘಾಟಕರು ಬರುವುದು ಹತ್ತಕ್ಕೆ, ನಿಮ್ಮ ತಂಡದ ಸರದಿ ಬೆಳಗಿನ ಜಾವ ಮೂರಕ್ಕೆ. ನಿದ್ದೆಗಣ್ಣಿನಲ್ಲಿ ರೈಡ್ ಮಾಡಲು ಬರದವರು ಈ ವೃತ್ತಿಗೆ ಲಾಯಕ್ಕಲ್ಲ. ಕೊನೆಗೆ ಮೂರು ಬಿರುದುಗಳಿರುತ್ತವೆ: ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ. ಸವ್ಯಸಾಚಿಯನ್ನೇ ಗುರಿಯಾಗಿಡಿ. ಟ್ರೋಫಿ ಸಣ್ಣದಾದರೂ ಮೈಕಿನಲ್ಲಿ ವೀಕ್ಷಕ ವಿವರಣೆಯವರು ಆ ಹೆಸರನ್ನು ಯಕ್ಷಗಾನದ ಅರ್ಥಧಾರಿಯ ಹಾಗೆ ಎಳೆದು ಹೇಳುತ್ತಾರೆ. ಮರುದಿನ ಬಸ್ಸಿನಲ್ಲಿ ಜನ ಜಾಗ ಬಿಡುತ್ತಾರೆ.

ಮಣ್ಣಿನಿಂದ ಮ್ಯಾಟಿಗೆ ಹೋದಾಗ ಎರಡು ಸಂಗತಿ ಗಮನಿಸಿ. ಬರಿಗಾಲು ನಡೆಯುವುದಿಲ್ಲ, ಬೂಟು ಬೇಕು. ಮತ್ತು ಉಸಿರು ಬಿಟ್ಟಿರೋ ಇಲ್ಲವೋ ಎಂದು ಅಂಪೈರ್ ಜೊತೆ ಅರ್ಧ ಗಂಟೆ ವಾದ ಮಾಡುವ ಸೌಲಭ್ಯ ಅಲ್ಲಿಲ್ಲ. ಗಡಿಯಾರ ಮೂವತ್ತು ಎಣಿಸುತ್ತದೆ. ಎರಡು ರೈಡ್ ಖಾಲಿ ಹೋದರೆ ಮೂರನೆಯದು ಮಾಡು ಇಲ್ಲವೇ ಮಡಿ.

ಹರಾಜು

ಈ ಭಾಗವನ್ನು ನಿಧಾನವಾಗಿ ಓದಿ. ಹೋಲಿಕೆಗೆ ಹೇಳುವುದಾದರೆ, ಆಸ್ಟ್ರೇಲಿಯಾದಲ್ಲಿ ಮೊಟ್ಟೆಯಾಕಾರದ ಚೆಂಡಿನ ಫುಟ್‌ಬಾಲ್ ಉಂಟು, ಒಂದು ಕಡೆಗೆ ಹದಿನೆಂಟು ಜನ. ಅಲ್ಲಿ ಪ್ರತಿ ವರ್ಷದ ಕೊನೆಗೆ ಹದಿನೆಂಟರ ಆಸುಪಾಸಿನ ಹುಡುಗರನ್ನು ಕ್ಲಬ್ಬುಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ತಳದಲ್ಲಿದ್ದವರಿಗೆ ಮೊದಲ ಸರದಿ. ಮೆಲ್ಬರ್ನ್‌ನ ಹುಡುಗ ಪರ್ತ್‌ಗೆ ಗಂಟುಮೂಟೆ ಕಟ್ಟಬೇಕಾದರೂ ಅವನ ಸಂಬಳವನ್ನು ಆಟಗಾರರ ಸಂಘ ಎದುರು ಕೂತು ಮಾತಾಡಿರುತ್ತದೆ. ನಮ್ಮಲ್ಲಿ ಮಾತಾಡುವುದು ಹರಾಜಿನ ಸುತ್ತಿಗೆ.

ಸುತ್ತಿಗೆ ಒಳ್ಳೆಯದನ್ನೂ ಮಾತಾಡುತ್ತದೆ. 2014ರ ಮೊದಲ ಹರಾಜಿನಲ್ಲಿ ಎಲ್ಲರಿಗಿಂತ ದುಬಾರಿ ಆಟಗಾರ ರಾಕೇಶ್ ಕುಮಾರ್, 12.8 ಲಕ್ಷ. 2018ರಲ್ಲಿ ದಕ್ಷಿಣ ಕನ್ನಡದ ಪ್ರಶಾಂತ್ ಕುಮಾರ್ ರೈ ಅವರಿಗೆ ಯುಪಿ ಯೋಧಾ 79 ಲಕ್ಷ ಕೊಟ್ಟಿತು. 2022ರಲ್ಲಿ ಪವನ್ ಸೆಹ್ರಾವತ್ ಅವರಿಗೆ ತಮಿಳ್ ತಲೈವಾಸ್ ಕೊಟ್ಟದ್ದು 2.26 ಕೋಟಿ.

ಈ ಕೊನೆಯ ಅಂಕಿಯನ್ನು ಮನೆಯಲ್ಲಿ ಹೇಳುವ ಮೊದಲು ಮುಂದಿನ ವಾಕ್ಯ ಓದಿ. ಆ ಅಕ್ಟೋಬರಿನಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲಿ, ತಂಡದ ಮೊದಲ ಪಂದ್ಯದ ಆರಂಭದಲ್ಲೇ ಪವನ್ ಅವರ ಮೊಣಕಾಲು ಕೈಕೊಟ್ಟಿತು. ಇಡೀ ಸೀಸನ್ ಹೋಯಿತು. ಮರುವರ್ಷ ತೆಲುಗು ಟೈಟನ್ಸ್ ಅವರನ್ನೇ 2.6 ಕೋಟಿ ದಾಟಿಸಿ ಕೊಂಡಿತು ಎಂಬುದೂ ನಿಜ. ಆದರೆ ಅದು ಪವನ್‌ಗೆ ಅನ್ವಯಿಸುವ ವಾರಂಟಿ. ಡಿ ವರ್ಗದ ಮೊಣಕಾಲಿಗೆ ಆ ವಾರಂಟಿ ಇಲ್ಲ.

ಮಹಿಳೆಯರ ಆವೃತ್ತಿ

ಸದ್ಯ ದಾಸ್ತಾನಿಲ್ಲ. 2016ರಲ್ಲಿ ಮೂರೇ ತಂಡಗಳ ಮಹಿಳಾ ಕಬಡ್ಡಿ ಚಾಲೆಂಜ್ ಒಂದು ಸಲ ನಡೆಯಿತು. ಫೈನಲ್‌ಗೆ ಬಂದ ಎರಡೂ ತಂಡಗಳ ನಾಯಕಿಯರು ಕರ್ನಾಟಕದವರು: ಕಾರ್ಕಳ ಕಡೆಯ ಮಮತಾ ಪೂಜಾರಿ, ಬೆಂಗಳೂರಿನ ತೇಜಸ್ವಿನಿ ಬಾಯಿ. ತೇಜಸ್ವಿನಿಯವರ ತಂಡ ಒಂದೇ ಅಂಕದಿಂದ ಗೆದ್ದಿತು. ಅಂಥ ಫೈನಲ್ ಆದ ಮೇಲೂ ಎರಡನೆಯ ಸೀಸನ್ ಬರಲಿಲ್ಲ. ಇಬ್ಬರೂ ಅರ್ಜುನ ಪ್ರಶಸ್ತಿ ಪಡೆದವರು. ಮಮತಾ ಅವರ ಊಟದ ದಾರಿ ಲೀಗ್ ಅಲ್ಲ, ರೈಲ್ವೆ.

ಹಿಂದಿನ ಮಾದರಿಯ ಬಗ್ಗೆ ಎಚ್ಚರಿಕೆ

ನಮ್ಮ ಕಡೆ ಆಟಗಾರರನ್ನು ತಯಾರಿಸುವ ಪ್ರಯತ್ನ ಇದು ಮೊದಲಲ್ಲ. 1980ರ ದಶಕದ ಕೊನೆಗೆ ಭಾರತೀಯ ಕ್ರೀಡಾ ಪ್ರಾಧಿಕಾರದ ವಿಶೇಷ ಯೋಜನೆಯವರು ಉತ್ತರ ಕನ್ನಡದ ಕಾಡಿಗೆ ಬಂದರು. ಅಲ್ಲಿನ ಸಿದ್ದಿ ಸಮುದಾಯದ ಮಕ್ಕಳ ಪೂರ್ವಜರು ಆಫ್ರಿಕಾದವರು, ಆದ್ದರಿಂದ ಒಲಿಂಪಿಕ್ ಪದಕ ರಕ್ತದಲ್ಲೇ ಇರಬೇಕು ಎಂಬುದು ದಿಲ್ಲಿಯ ತರ್ಕ. ಮಕ್ಕಳನ್ನು ಆರಿಸಿ ಹಾಸ್ಟೆಲುಗಳಿಗೆ ಒಯ್ದು ಓಡಿಸಿದರು. ಹುಡುಗರೂ ಹುಡುಗಿಯರೂ ನಿಜಕ್ಕೂ ಓಡಿದರು, ರಾಷ್ಟ್ರಮಟ್ಟದಲ್ಲಿ ಗೆದ್ದರು. ಆಮೇಲೆ, 1990ರ ದಶಕದ ಆರಂಭದಲ್ಲಿ, ಯೋಜನೆ ನಿಂತಿತು. ಕೆಲವರಿಗೆ ಕ್ರೀಡಾ ಕೋಟಾದಲ್ಲಿ ನೌಕರಿ ಸಿಕ್ಕಿತು. ಉಳಿದವರು ಕೂಲಿಗೆ, ಗದ್ದೆಗೆ ಮರಳಿದರು. ಯಂತ್ರ ಕೆಟ್ಟಿರಲಿಲ್ಲ, ಯಾರೋ ಸ್ವಿಚ್ ಆರಿಸಿದರು. ರಕ್ತದ ತರ್ಕ ಹೇಳಿಕೊಂಡು ಯಾರಾದರೂ ಜೀಪಿನಲ್ಲಿ ಬಂದರೆ, ಹತ್ತು ವರ್ಷದ ಆದೇಶಪತ್ರ ತಂದಿದ್ದೀರಾ ಎಂದು ಕೇಳಿ.

ಬಳಕೆಯ ಅವಧಿ ಮುಗಿದ ಮೇಲೆ

ಪಾಲಕರು ಇಲ್ಲಿಂದ ಓದಬಹುದು.

ಲೀಗ್ ವರ್ಷಕ್ಕೆ ಎರಡು ಮೂರು ತಿಂಗಳು. ಆಟದ ವಯಸ್ಸು ಮೂವತ್ತೈದು ದಾಟಿದರೆ ಅದೃಷ್ಟ. ಟಿವಿಯಲ್ಲಿ ನಿಮ್ಮ ರೈಡ್ ನೋಡಿ ಬಂದ ಅಜ್ಜ ಕೇಳುವುದೂ ಒಂದೇ: "ಅದೆಲ್ಲಾ ಸರಿ ತಮಾ, ನೌಕರಿ ಯಾವಾಗ?" ಅಜ್ಜನಿಗೆ ಕಬಡ್ಡಿ ಗೊತ್ತಿಲ್ಲ ಎಂದು ನಗಬೇಡಿ, ಆಟದ ಅರ್ಥಶಾಸ್ತ್ರ ಅವರಿಗೆ ಪೂರ್ತಿ ಗೊತ್ತಿದೆ. ಲೀಗ್ ಬರುವ ಮೊದಲೂ ನಮ್ಮ ಆಟಗಾರರನ್ನು ಸಾಕಿದ್ದು ಪೊಲೀಸ್, ರೈಲ್ವೆ, ಬ್ಯಾಂಕು. ಅದೂ ಶಾಶ್ವತ ಎಂದುಕೊಳ್ಳಬೇಡಿ: ಕಬಡ್ಡಿ ತಂಡ ಕಟ್ಟಿದ್ದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿಹೋಯಿತು. ಆದರೂ ಹರಾಜಿನ ಅರ್ಜಿ ಮತ್ತು ನೌಕರಿಯ ಅರ್ಜಿ ಒಂದೇ ವಾರ ಬಂದರೆ ಎರಡನೆಯದನ್ನು ಮೊದಲು ತುಂಬಿ.

ತರಬೇತುದಾರರಾಗುವ ದಾರಿಯೂ ಉಂಟು. ಕರ್ನಾಟಕದ ಬಿ.ಸಿ. ರಮೇಶ್ 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರಲ್ಲಿ ಪುಣೇರಿ ಪಲ್ಟನ್ ತಂಡಗಳಿಗೆ ಕಪ್ ಗೆಲ್ಲಿಸಿದ ಕೋಚ್. ಆದರೆ ಲೀಗಿನಲ್ಲಿ ಇರುವುದು ಹನ್ನೆರಡು ತಂಡ, ಅಷ್ಟೇ ಕುರ್ಚಿ.

ಕುರ್ಚಿ ಸಿಗದವರಿಗೆ ಊರಿನ ಪಂದ್ಯಾವಳಿಯ ವೇದಿಕೆ ಇದ್ದೇ ಇದೆ. ಮುಖ್ಯ ಅತಿಥಿಯೆಂದು ಕರೆಯುತ್ತಾರೆ. ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ ಕೊಡುತ್ತಾರೆ. ಭಾಷಣ ಎರಡು ನಿಮಿಷದಲ್ಲಿ ಮುಗಿಸಿ, ಹುಡುಗರು ಚಳಿಯಲ್ಲಿ ಚಡ್ಡಿ ಹಾಕಿಕೊಂಡು ನಿಂತಿರುತ್ತಾರೆ. ಬೆಳಗಿನ ಜಾವ ಚಂದಗುಳಿಯಿಂದ ಬಸ್ ಇರುವುದಿಲ್ಲ. ವಾಪಸು ಹೋಗುವ ಜೀಪಿನ ಬಾಡಿಗೆ ಯಾರು ಕೊಡುತ್ತಾರೆ ಎಂಬುದನ್ನು ಶಾಲು ಹೊದೆಸುವ ಮೊದಲೇ ಕೇಳಿಟ್ಟುಕೊಳ್ಳಿ.